ಬಲೆ, ತೀರ್ಥ ಮತ್ತು ಇನ್ನೂ ಹುಟ್ಟದ ಮೀನು

ಒಂದೇ ಹೊಳೆಯ ಮೀನು ಒಂದೆಡೆ ಮುಟ್ಟಬಾರದ್ದೂ ಇನ್ನೊಂದೆಡೆ ಹಿಡಿದು ಮಾರಬಹುದಾದ್ದೂ ಆಗುವುದು ಹೇಗೆಂಬ ಪ್ರಶ್ನೆಯನ್ನು ಧರ್ಮಗ್ರಂಥಗಳಿಗಿಂತ ಮೊದಲು ತುಂಗಭದ್ರೆಯ ಹರಿವೇ ಕೇಳುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳು ದೇವರ ಮೀನುಗಳೆನಿಸಿ ಭಕ್ತರು ಹಾಕಿದ್ದನ್ನು ತಿಂದು ಬೆಳೆಯುತ್ತವೆ. ಅದೇ ನೀರು ಕೂಡಲಿಯಲ್ಲಿ ಭದ್ರೆಯನ್ನು ಸೇರಿಸಿಕೊಂಡು, ಹರಿಹರವನ್ನು ದಾಟಿ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇಗುಲದ ಬದಿಗೆ ಬರುವ ಹೊತ್ತಿಗೆ, ಮೀನು ಹಿಡಿಯುವುದು ಅಂಬಿಗ, ಬೆಸ್ತ, ಗಂಗಾಮತಸ್ಥ ಮನೆತನಗಳ ತಲೆಮಾರುಗಳ ಬದುಕಾಗಿದೆ. ಮೀನಿನ ಜೀವದ ಬೆಲೆ ಊರಿಂದೂರಿಗೆ ಬದಲಾಗದು ಎಂದಾದರೆ ಈ ಎರಡರಲ್ಲಿ ಒಂದು ನಡತೆ ತಪ್ಪಾಗಿರಬೇಕು, ಇಲ್ಲವೇ ಪ್ರಶ್ನೆಯನ್ನೇ ಬೇರೆ ಬಗೆಯಲ್ಲಿ ಕೇಳಬೇಕು.

ಈ ಸೀಮೆಗೆ ಎರಡು ಉತ್ತರಗಳು ಬಹಳ ಹಿಂದಿನಿಂದ ಪರಿಚಿತ. ಜೈನಾಚಾರ್ಯ ಗುಣಭದ್ರನ ಉತ್ತರಪುರಾಣಕ್ಕೆ ನೆಲೆಯಾದ ಬಂಕಾಪುರ ಈಗಿನ ಹಾವೇರಿ ಜಿಲ್ಲೆಯಲ್ಲೇ ಇದೆ. ಆ ಜೈನ ಪರಂಪರೆ ಜೀವಿಗಳನ್ನು ಅವುಗಳ ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿ, ಮೀನನ್ನು ಪಂಚೇಂದ್ರಿಯಗಳುಳ್ಳ ಜೀವವೆಂದು ಮನುಷ್ಯನ ಸಾಲಿನಲ್ಲೇ ಇಟ್ಟಿತು, ಆದ್ದರಿಂದ ಶ್ರಾವಕನಿಗೆ, ಅಂದರೆ ಗೃಹಸ್ಥ ಜೈನನಿಗೆ, ಬಲೆಯ ವೃತ್ತಿ ಸಲ್ಲದೆಂದಿತು. ಹನ್ನೆರಡನೆಯ ಶತಮಾನದ ಶರಣರು ಬೇರೆ ದಾರಿ ಹಿಡಿದರು. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಅವರೇ ಹುಟ್ಟಿನಿಂದ ಬಂದ ಮೇಲುಕೀಳನ್ನು ಅಲ್ಲಗಳೆದು, ದುಡಿಮೆಯನ್ನು ಕಾಯಕವೆಂಬ ಪೂಜೆಯ ಮಟ್ಟಕ್ಕೇರಿಸಿ, ಹುಟ್ಟು ಹಾಕುವ ಅಂಬಿಗನನ್ನೂ ಅನುಭವಿಗಳ ಸಾಲಿಗೆ ಸೇರಿಸಿಕೊಂಡರು. ಉಳಿದ ಬಹುತೇಕರು ಇಷ್ಟದೈವದ ಹೆಸರನ್ನು ವಚನಗಳ ಅಂಕಿತವಾಗಿಸಿಕೊಂಡರೆ ಅಂಬಿಗರ ಚೌಡಯ್ಯ ತನ್ನ ಕಸುಬಿನೊಂದಿಗೆ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡದ್ದು ಆ ಆತ್ಮಗೌರವದ ಗುರುತು. ಮೀನು ತಿನ್ನದವನ ಅಹಿಂಸೆ ಬಹುಮಟ್ಟಿಗೆ ಖರ್ಚಿಲ್ಲದ ಅಹಿಂಸೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಹೊಳೆಯನ್ನೇ ನಂಬಿದ ಮನೆಗೆ ಅದು ಅನ್ನದ ಪ್ರಶ್ನೆ.

ಎರಡೂ ಉತ್ತರಗಳು ಬಲೆಗೆ ಬಿದ್ದ ಒಂದು ಮೀನನ್ನೂ ಅದನ್ನು ಹಿಡಿದ ಒಬ್ಬ ಮನುಷ್ಯನನ್ನೂ ಎದುರಿಗಿಟ್ಟುಕೊಂಡು ಯೋಚಿಸುತ್ತವೆ. ಜೀವಶಾಸ್ತ್ರ ಅಲ್ಲಿಗೆ ಮೂರನೆಯದೊಂದನ್ನು ತರುತ್ತದೆ, ಅದು ಆ ಮೀನಿನಿಂದ ಮುಂದೆ ಹುಟ್ಟಬೇಕಾದ ಸಂತತಿ. ಕಟ್ಲಾ, ರೋಹುಗಳಂಥ ಗೆಂಡೆ ಜಾತಿಯ ಮೀನುಗಳು ಮುಂಗಾರಿನ ಕೆಂಪು ನೀರು ಏರಿದಾಗ ನದಿಯಲ್ಲಿ ಮೊಟ್ಟೆಯಿಡುತ್ತವೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಸಾಕಿದ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಗಳಿಗೆ ಬೇಕಾದಷ್ಟು ಮರಿ ಸಿಗುವಂತಾಯಿತು. ಹಾಗಾಗಿ ಹಾವೇರಿಯ ಹೆಗ್ಗೇರಿಯಂಥ ಕೆರೆಯಲ್ಲಿ ಬಿತ್ತಿ ಬೆಳೆಸಿದ ಕಟ್ಲಾ ಸತ್ತರೆ ಸಾಯುವುದು ಒಂದು ಮೀನು. ಬಸುರಿ ಮೀನೊಂದು ಮೊಟ್ಟೆಯಿಡಲು ಹೊಳೆಯಲ್ಲಿ ಮೇಲೇರುವಾಗ ಸತ್ತರೆ, ದೇಹದ ತೂಕದ ಕಿಲೋ ಒಂದಕ್ಕೆ ಲಕ್ಷಕ್ಕೂ ಮೇಲ್ಪಟ್ಟ ಮೊಟ್ಟೆಗಳೂ ಜತೆಗೆ ಹೋಗುತ್ತವೆ. ಕೆರೆಯಲ್ಲೇ ವಂಶ ಬೆಳೆಸುವ ಕೊರವ ಮೀನಿನ ಕಥೆ ಇನ್ನೂ ಸೂಕ್ಷ್ಮವಾದದ್ದು: ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ತೇಲುತ್ತಿರುವಾಗ ತಂದೆತಾಯಿ ಕೆಳಗೆ ಕಾವಲು ಕಾಯುತ್ತವೆ, ಆ ಗುಂಪೇ ದೊಡ್ಡ ಮೀನು ಎಲ್ಲಿದೆಯೆಂದು ಗಾಳಗಾರನಿಗೆ ತೋರಿಸಿಕೊಡುತ್ತದೆ.

ಕಡಲಿನ ಬಂಡೆಮೀನುಗಳಲ್ಲಿ ಸಂತತಿಯ ಈ ವಿಚಾರ ಅತಿ ನಿಚ್ಚಳ. ಕರಾವಳಿಯಲ್ಲಿ ಕೆಂಬೇರಿ ಎನ್ನುವ, ಇಂಗ್ಲಿಷಿನಲ್ಲಿ ಸ್ನ್ಯಾಪರ್ ಎನ್ನುವ ಮೀನುಗಳಲ್ಲಿ ಕೆಲವು ಬಗೆಯವು ಮರಿಯಾಗಿದ್ದಾಗ ಅಳಿವೆಯ ಕಾಂಡ್ಲಾಗಿಡಗಳ ನಡುವೆ ಬೆಳೆದು, ದೊಡ್ಡವಾದ ಮೇಲೆ ಆಳದ ಕಲ್ಲುಬಂಡೆ, ಹವಳದ ದಿಬ್ಬಗಳನ್ನು ಸೇರುತ್ತವೆ. ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪದ ಸುತ್ತ ಅಂಥ ಹವಳವಿದೆ. ಮೆಕ್ಸಿಕೋ ಕೊಲ್ಲಿಯ ಕೆಂಪು ಸ್ನ್ಯಾಪರ್ 50 ವರ್ಷಕ್ಕೂ ಮೇಲೆ ಬದುಕಬಲ್ಲದು, ಅದರ 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಇಡುವಷ್ಟು ಮೊಟ್ಟೆಗಳನ್ನಿಡಲು 42 ಸೆಂಟಿಮೀಟರಿನ 212 ಹೆಣ್ಣುಗಳು ಬೇಕೆಂದು ಲೆಕ್ಕ ಹಾಕಲಾಗಿದೆ. ಇಂಥ ಬಂಡೆಗಳಲ್ಲೇ ಇರುವ ಮುರು ಮೀನುಗಳಲ್ಲಿ ಅನೇಕವು ಹೆಣ್ಣಾಗಿ ಬೆಳೆದು ಆಮೇಲೆ ಗಂಡಾಗುತ್ತವೆ, ದೊಡ್ಡವನ್ನೇ ಆರಿಸಿ ಹಿಡಿದರೆ ಗಂಡುಗಳೇ ಬರಿದಾಗುತ್ತವೆ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿ ಎಂಬ ಸಾಮಾನ್ಯ ವಿವೇಕ ಇಲ್ಲಿ ಅರ್ಧ ಮಾತ್ರ ಸರಿ, ಏಕೆಂದರೆ ಉಳಿಯಬೇಕಾದವುಗಳಲ್ಲಿ ಮುದಿತಾಯಿಯೂ ಒಂದು.

ಹಾಗೆಂದು ವಂಶದ ಲೆಕ್ಕದಲ್ಲಿ ಒಂಟಿ ಜೀವದ ನೋವನ್ನು ಕರಗಿಸಿಬಿಡುವುದೂ ಸರಿಯಲ್ಲ. ನೀರಿನಿಂದೆತ್ತಿದ ಮೀನು ಒದ್ದಾಡುವುದು ಸಂತತಿಗಾಗಿ ಅಲ್ಲ, ತನಗಾಗಿ. ಅದನ್ನು ನೆನಪಿಸುವ ಜೈನನ ವಾದಕ್ಕೆ ಜೀವಶಾಸ್ತ್ರದಲ್ಲಿ ಉತ್ತರವಿಲ್ಲ. ಆದರೆ ಕೊಲ್ಲುವುದು ಬದುಕಿನ ಅನಿವಾರ್ಯವಾದ ಕಡೆ ಯಾವುದನ್ನು, ಯಾವಾಗ, ಎಷ್ಟು ಎಂಬ ವಿವೇಚನೆಯೇ ಧರ್ಮದ ಕ್ಷೇತ್ರ, ಮತ್ತು ಆ ಕ್ಷೇತ್ರವನ್ನು ತೀರ್ಥದ ಗಡಿಯಿಂದಷ್ಟೇ ಅಳೆಯಲಾಗದು. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದಾಗ ಭಕ್ತಿ ಅವುಗಳನ್ನು ಕಾಯಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಳಿ ಕಾರ್ಖಾನೆಯ ತ್ಯಾಜ್ಯ ಹೊಳೆಗೆ ಸೇರುತ್ತಿದ್ದುದರ ವಿರುದ್ಧ 1980ರ ದಶಕದಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿದಾಗ ಹೊರಬಂದದ್ದೂ ಇದೇ: ವಿಷ ಬಸುರಿಯನ್ನೂ ಮರಿಯನ್ನೂ ಬೇರೆ ಮಾಡದು, ಬಲೆಯ ಕಣ್ಣಿಗಿರುವ ಅಳತೆ ಅದಕ್ಕಿಲ್ಲ. ಅಂಬಿಗನ ಬಲೆಯನ್ನು ಪಾಪವೆಂದು ಕರೆದವರಲ್ಲಿ ಎಷ್ಟು ಮಂದಿ ಕಾರ್ಖಾನೆಯ ತ್ಯಾಜ್ಯದ ಕೊಳವೆಯನ್ನು ಅದೇ ಹೆಸರಿನಿಂದ ಕರೆದರು ಎಂದು ಕೇಳುವುದು ನ್ಯಾಯವಾದೀತು.

ಪಿತೃಋಣ ತೀರುವುದು ಸಂತಾನದಿಂದ ಎಂಬ ಹಳೆಯ ನಂಬಿಕೆಯನ್ನು ಹೊಳೆಗೆ ಹಚ್ಚಿ ನೋಡಿದರೆ, ಇಂದು ಹಿಡಿದ ಮೀನಿನ ಸಾಲ ತೀರುವುದು ನಾಳೆ ಹುಟ್ಟುವ ಮೀನಿನಿಂದ. ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗಿರುವ ನಿಷೇಧ ಈ ಸಾಲಕ್ಕೆ ಕೊಟ್ಟ ಕಾನೂನಿನ ರೂಪ. ದೋಣಿಗಳು ಬಂದರಿನಲ್ಲೇ ಕಟ್ಟಿ ನಿಂತಿರುವುದರಿಂದ ಅದು ನಡೆಯುತ್ತದೆ. ಆದರೆ ವರದಾ ತುಂಗಭದ್ರೆಗಳ ಉದ್ದಕ್ಕೂ, ಗಳಗನಾಥದ ಸಂಗಮದಿಂದ ಆಚೆಗೂ ಈಚೆಗೂ, ತೆಪ್ಪವಿಳಿಸಲು ಸಾವಿರ ಜಾಗಗಳಿವೆ, ಪ್ರತಿಯೊಂದಕ್ಕೂ ಕಾವಲುಗಾರನನ್ನು ನಿಲ್ಲಿಸಲಾಗದು. ಏರುವ ಮೀನನ್ನು ಒಬ್ಬ ಬಿಟ್ಟರೆ ಮುಂದಿನ ಮಡುವಿನಲ್ಲಿ ಇನ್ನೊಬ್ಬ ಹಿಡಿಯುತ್ತಾನೆ, ಆದ್ದರಿಂದ ಒಂಟಿ ಸಂಯಮ ಇಲ್ಲಿ ಫಲಿಸುವುದಿಲ್ಲ. ಹಾವೇರಿ ತಾಲ್ಲೂಕಿನ ನರಸೀಪುರದಲ್ಲಿ ಅಂಬಿಗರ ಚೌಡಯ್ಯನ ಹೆಸರಿನ ಗುರುಪೀಠವಿದೆ. ಮುಂಗಾರಿನ ಮೊದಲ ನೆರೆಯಲ್ಲಿ ಬಲೆ ಕಟ್ಟಬಾರದೆಂಬ ಮಾತು ಇಲಾಖೆಯ ಸುತ್ತೋಲೆಗಿಂತ ಅಂಥ ಕಡೆಯಿಂದ, ಆ ಕಸುಬಿನವರದೇ ಒಪ್ಪಂದವಾಗಿ ಬಂದರೆ, ಅದನ್ನು ಮೀರಿದವನು ತಲೆತಗ್ಗಿಸಬೇಕಾಗುವುದು ಅಧಿಕಾರಿಯ ಮುಂದಲ್ಲ, ತನ್ನ ಓಣಿಯ ಮುಂದೆ.