ಕೊನೆಗೆ ಬಂದವರ ಹಕ್ಕು

ಫಿನ್ಲೆಂಡ್ ದೇಶದ ಉತ್ತರ ತುದಿಯಲ್ಲಿ ಲ್ಯಾಪ್‌ಲ್ಯಾಂಡ್ ಎಂಬ ವಿಶಾಲ ಪ್ರಾಂತ್ಯವಿದೆ. ಅದರ ಬಹುಭಾಗವು ಆರ್ಕ್ಟಿಕ್ ವೃತ್ತದ ಆಚೆಗೆ ಹಬ್ಬಿದೆ. ಅಲ್ಲಿನ ಚಳಿ ಎಷ್ಟೆಂಬುದಕ್ಕೆ ಒಂದೇ ನಿದರ್ಶನ ಸಾಕು: 1999ರ ಜನವರಿ 28ರಂದು ಪೋಕ್ಕಾ ಎಂಬ ಹಳ್ಳಿಯಲ್ಲಿ ತಾಪಮಾನವು ಶೂನ್ಯಕ್ಕಿಂತ 51.5 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಇಂತಹ ನಾಡಿನ ನಿರ್ಜನ ಬೆಟ್ಟಗಳ ನಡುವೆ ಅಲ್ಲಲ್ಲಿ ಮರದ ಸಣ್ಣ ಗುಡಿಸಲುಗಳಿವೆ. ಅವುಗಳಿಗೆ ಬೀಗವಿಲ್ಲ, ಕಾವಲುಗಾರನಿಲ್ಲ, ಬಾಡಿಗೆಯೂ ಇಲ್ಲ. ಒಳಗೆ ಒಂದು ಸೌದೆಯ ಒಲೆ, ಎಲ್ಲರೂ ಸಾಲಾಗಿ ಮಲಗಬಹುದಾದ ಹಲಗೆಯ ಜಗಲಿ, ಒಂದು ಮೇಜು. ಹೊರಗೆ ಸೌದೆಯ ಕೊಟ್ಟಿಗೆ. ಫಿನ್ನಿಷ್ ಭಾಷೆಯಲ್ಲಿ ಇದಕ್ಕೆ ‘ಔತಿಯೊತುಪಾ’, ಅಂದರೆ ಯಾರೂ ವಾಸವಿಲ್ಲದ ಮನೆ, ಎಂದು ಹೆಸರು.

ಈ ಗುಡಿಸಲುಗಳ ಬಳಕೆಗೆ ಸಂಬಂಧಿಸಿದ ಒಂದು ಹಳೆಯ ರೂಢಿಯು ನಮ್ಮನ್ನು ಚಿಂತನೆಗೆ ಹಚ್ಚುವಂಥದು. ಅಲ್ಲಿ ಕೊನೆಗೆ ಬಂದವರಿಗೇ ಹೆಚ್ಚಿನ ಹಕ್ಕು. ಸ್ಥಳ ಸಾಲದೆ ಹೋದಲ್ಲಿ, ಮೊದಲೇ ಬಂದು ವಿಶ್ರಮಿಸಿದವರು ತಮ್ಮ ಸಾಮಾನು ಕಟ್ಟಿಕೊಂಡು ಮುಂದಕ್ಕೆ ಹೊರಡಬೇಕು.

ನಾವು ಬಾಲ್ಯದಿಂದ ಕಲಿತ ನೀತಿ ಇದಕ್ಕೆ ತೀರಾ ವಿರುದ್ಧವಾದುದು. ಮೊದಲು ಬಂದವನಿಗೆ ಮೊದಲ ಸ್ಥಾನ ಎಂಬುದೇ ಸರತಿಯ ಸಾಲಿನ ನ್ಯಾಯ. ಆ ನ್ಯಾಯವನ್ನು ಹಗುರವಾಗಿ ಕಾಣುವಂತಿಲ್ಲ. ಬಲಿಷ್ಠನು ದುರ್ಬಲನನ್ನು ತಳ್ಳಿ ಮುನ್ನುಗ್ಗದಂತೆ ತಡೆಯುವುದು ಅದೇ. ಹಾಗಾದರೆ ಹಿಮದ ನಾಡಿನವರು ಅದನ್ನೇಕೆ ತಲೆಕೆಳಗು ಮಾಡಿದರು?

ಉತ್ತರ ಬೇಕಾದರೆ, ಕೊನೆಗೆ ಬರುವವರು ಯಾರೆಂದು ನೋಡಬೇಕು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹಗಲು ದೀರ್ಘವಾಗಿ, ಹಿಮವೂ ಇನ್ನೂ ದಪ್ಪನಾಗಿರುವಾಗ, ಜನರು ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಗುಡಿಸಲಿನಿಂದ ಗುಡಿಸಲಿಗೆ ಸಾಗುತ್ತಾರೆ. ಹೆತ್ತಾ ಗ್ರಾಮದಿಂದ ಪಲ್ಲಾಸ್ ಬೆಟ್ಟದವರೆಗಿನ ಸುಮಾರು 55 ಕಿಲೋಮೀಟರ್ ಹಾದಿ ಇದಕ್ಕೆ ಹೆಸರಾದುದು. ಇಂಥ ತಂಡಗಳಲ್ಲಿ ಹೊಸಬರೂ ಇರುತ್ತಾರೆ. ಪಾದದ ಮುಂಭಾಗ ಮಾತ್ರ ಬಿಗಿದು ಹಿಮ್ಮಡಿ ಸಡಿಲವಾಗಿರುವ ಆ ಸಪೂರ ಹಲಗೆಗಳು ಪಳಗಿದವನ ಕಾಲಿಗೆ ರೆಕ್ಕೆಗಳಂತೆ. ಹೊಸಬನಿಗಾದರೋ ಏರಿನಲ್ಲಿ ಹಿಂದಕ್ಕೆ ಜಾರುತ್ತವೆ, ಇಳಿಜಾರಿನಲ್ಲಿ ಹಿಡಿತಕ್ಕೆ ಸಿಗದೆ ಓಡುತ್ತವೆ. ಬೆನ್ನಿಗೆ ಹೊರೆ ಹೊತ್ತು ಮೆತ್ತನೆಯ ಹಿಮದಲ್ಲಿ ಬಿದ್ದವನಿಗೆ ಮತ್ತೆ ಎದ್ದು ನಿಲ್ಲುವುದೇ ಒಂದು ದುಡಿಮೆ. ಆ ದುಡಿಮೆಯಿಂದ ಬೆವರುತ್ತಾನೆ. ನಿಂತೊಡನೆ ಒದ್ದೆಯಾದ ಬಟ್ಟೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಕತ್ತಲಾಗುವ ಹೊತ್ತಿಗೆ ಗುಡಿಸಲಿನ ಬಾಗಿಲು ತಟ್ಟುವವನು ಬಹುಮಟ್ಟಿಗೆ ಇವನೇ.

ಒಳಗಿರುವವನು ಆಗಲೇ ಉಂಡಿದ್ದಾನೆ, ಮೈ ಕಾಯಿಸಿಕೊಂಡಿದ್ದಾನೆ, ಬಟ್ಟೆ ಒಣಗಿಸಿಕೊಂಡಿದ್ದಾನೆ. ಮುಂದೆ ಸಾಗಲು, ಇಲ್ಲವೇ ಹೊರಗೆ ಡೇರೆ ಹಾಕಲು ಅವನಲ್ಲಿ ಇನ್ನೂ ತ್ರಾಣವಿದೆ. ಹೊಸ್ತಿಲಲ್ಲಿ ನಿಂತವನಲ್ಲಿ ಅದು ಉಳಿದಿಲ್ಲ. ಆದುದರಿಂದ ಆ ರೂಢಿಯು ಯಾರು ಯಾವ ಗಳಿಗೆಯಲ್ಲಿ ಬಂದರೆಂದು ಲೆಕ್ಕ ಹಾಕದೆ, ಆಸರೆ ಯಾರಿಗೆ ಅನಿವಾರ್ಯವೆಂದು ಕೇಳುತ್ತದೆ.

ಹಾದಿಯಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ವೇಗವಾಗಿ ಸಾಗಬಲ್ಲವರು ಮುಂದೆ ಹೋಗಿ ನಿಂತು, ಹಿಂದುಳಿದವರಿಗಾಗಿ ಕಾಯುತ್ತಾರೆ. ತಾವು ತೋರಿದ್ದು ಸೌಜನ್ಯವೆಂದೇ ಅವರ ಭಾವನೆ. ಆದರೆ ಸೂಕ್ಷ್ಮವಾಗಿ ಗಮನಿಸಿರಿ: ಹಿಂದುಳಿದವನು ಏದುಸಿರು ಬಿಡುತ್ತಾ ಬಂದು ಸೇರುವಷ್ಟರಲ್ಲಿ ಮುಂದಿನವರ ವಿಶ್ರಾಂತಿ ಮುಗಿದಿರುತ್ತದೆ. ನಿಂತು ನಿಂತು ಅವರಿಗೆ ಚಳಿಯೂ ಹತ್ತಿರುತ್ತದೆ. ಒಡನೆಯೇ ಹೊರಟುಬಿಡುತ್ತಾರೆ. ಹೀಗೆ ದಿನವಿಡೀ ಬಲವುಳ್ಳವರಿಗೆ ವಿಶ್ರಾಂತಿ ಲಭಿಸುತ್ತದೆ, ಬಲವಿಲ್ಲದವನಿಗೆ ಮಾತ್ರ ಅದಿಲ್ಲ. ಯಾರಲ್ಲೂ ದುರುದ್ದೇಶವಿರಲಿಲ್ಲ, ಆದರೂ ಅನ್ಯಾಯ ನಡೆದುಹೋಯಿತು. ಅನುಭವಿಗಳಾದ ಮುಂದಾಳುಗಳು ಆರಂಭದಿಂದಲೇ ಇಡೀ ತಂಡದ ವೇಗವನ್ನು ಅತ್ಯಂತ ನಿಧಾನಿಯ ವೇಗಕ್ಕೆ ಹೊಂದಿಸುವುದು, ಪಳಗಿದವರೊಬ್ಬರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುವುದು ಇದಕ್ಕಾಗಿಯೇ. ಕಾಯುವುದು ಒಂದು, ಜೊತೆಯಲ್ಲಿ ನಡೆಯುವುದು ಇನ್ನೊಂದು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಕೊನೆಗೆ ಬಂದವನಿಗೇ ಹಕ್ಕೆಂದರೆ, ಮುಂಜಾನೆ ಎದ್ದು ಸಿದ್ಧನಾದವನಿಗೆ ದಂಡನೆ, ಸೋಮಾರಿಗೆ ಬಹುಮಾನ ಎಂದಾಗಲಿಲ್ಲವೇ? ಈ ಮಾತಿನಲ್ಲಿ ಸತ್ಯಾಂಶವಿದೆ. ಅದಕ್ಕಾಗಿಯೇ ಈ ಹಕ್ಕಿಗೆ ಮಿತಿಗಳೂ ಇವೆ. ಇಂಥ ಗುಡಿಸಲಿನಲ್ಲಿ ಒಂದೆರಡು ರಾತ್ರಿಗಿಂತ ಹೆಚ್ಚು ತಂಗುವಂತಿಲ್ಲ. ಖಚಿತವಾದ ಹಾಸಿಗೆ ಬೇಕೆನ್ನುವವರಿಗೆ ಹಣ ತೆತ್ತು ಮುಂಗಡವಾಗಿ ಕಾದಿರಿಸಬಹುದಾದ, ಬೀಗವಿರುವ ಗುಡಿಸಲುಗಳು ಬೇರೆ ಇವೆ. ದುರ್ಬಲನಿಗೂ ಕರ್ತವ್ಯವುಂಟೆಂಬುದನ್ನು ನೆರೆಯ ನಾರ್ವೆ ದೇಶವು ಕಹಿಯಾದ ರೀತಿಯಲ್ಲಿ ಮನಗಂಡಿತು. 1967ರ ಈಸ್ಟರ್ ರಜೆಯಲ್ಲಿ ಅಲ್ಲಿನ ಬೆಟ್ಟಗಳಲ್ಲಿ 18 ಮಂದಿ ಪ್ರಾಣ ಕಳೆದುಕೊಂಡರು. ಅನಂತರ ಅಲ್ಲಿನ ರೆಡ್‌ಕ್ರಾಸ್ ಮತ್ತು ಪ್ರವಾಸಿ ಸಂಘವು ಬೆಟ್ಟ ಸಂಚಾರದ ನಿಯಮಗಳನ್ನು ಜನರಲ್ಲಿ ವ್ಯಾಪಕವಾಗಿ ಪ್ರಚಾರ ಮಾಡಿದವು. ಅವುಗಳಲ್ಲಿ ಬಹು ಪ್ರಸಿದ್ಧವಾದುದು, ಸಕಾಲದಲ್ಲಿ ಹಿಂದಿರುಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲವೆಂಬ ಸೂಚನೆ. ತನ್ನ ಶಕ್ತಿಯನ್ನು ಅರಿಯದೆ ಹೊರಡುವವನು ಇತರರ ಪ್ರಾಣವನ್ನೂ ಪಣಕ್ಕಿಡುತ್ತಾನೆ. ಆದರೆ ಅವನ ತಪ್ಪನ್ನು ವಿಚಾರಿಸುವ ಸಮಯ ಯಾವುದು? ಮೈ ಮರಗಟ್ಟಿ ಬಾಗಿಲಲ್ಲಿ ನಿಂತಾಗ ಅಲ್ಲ. ಮೊದಲು ಒಳಗೆ ಕರೆಯಬೇಕು, ಬೆಚ್ಚಗಾದ ಮೇಲೆ ಬುದ್ಧಿ ಹೇಳಬಹುದು.

ಇನ್ನೊಂದು ಪದ್ಧತಿಯೂ ಉಲ್ಲೇಖಾರ್ಹ. ಗುಡಿಸಲನ್ನು ಬಿಡುವವರು ನೆಲ ಗುಡಿಸಿ, ಸೌದೆ ಸೀಳಿ, ಒಲೆಯ ಬಳಿ ಒಣ ಚಕ್ಕೆಗಳನ್ನು ಜೋಡಿಸಿಟ್ಟು ಹೋಗುತ್ತಾರೆ. ಮುಂದೆ ಬರುವವನ ಬೆರಳುಗಳು ಕೊಡಲಿ ಹಿಡಿಯಲಾರದಷ್ಟು ಸೆಟೆದಿರಬಹುದು. ಅವನು ಯಾರೆಂಬುದು ಇವರಿಗೆ ತಿಳಿಯದು; ಬೆಂಕಿ ಹೊತ್ತಿಸಿದವನಿಗೆ ಸೌದೆ ಸೀಳಿದವರಾರೆಂಬುದೂ ತಿಳಿಯದು. ಋಣ ತೀರಿಸಲು ಅವನಿಗಿರುವ ದಾರಿ ಒಂದೇ: ಹೊರಡುವ ಮುನ್ನ ತಾನೂ ಸೌದೆ ಸೀಳಿಡುವುದು.

ಹಿಮವನ್ನೇ ಕಾಣದ ಮನೆಗಳಲ್ಲಿಯೂ ನಿಧಾನಿಗಳಿರುತ್ತಾರೆ. ಪಾಠ ತಡವಾಗಿ ಗ್ರಹಿಸುವ ಮಗುವಿರುತ್ತದೆ, ಮೆಟ್ಟಿಲೇರಲು ಹೊತ್ತು ಹಿಡಿಯುವ ಅಜ್ಜಿಯಿರುತ್ತಾರೆ, ಹೊಸದಾಗಿ ಸಂಸಾರಕ್ಕೆ ಕಾಲಿಟ್ಟ ಸೊಸೆಯಿರುತ್ತಾಳೆ. ಅವರಿಗಾಗಿ ನಾವು ಕಾಯುವುದುಂಟು. ಕಾಯುತ್ತಿದ್ದೇವೆಂದು ಅವರಿಗೆ ಆಗಾಗ ನೆನಪಿಸುವುದೂ ಉಂಟು. ಅವರು ಬಂದು ಸೇರಿದ ಮೇಲೆ ಕುಳಿತು ಉಸಿರಾಡಿಕೊಳ್ಳಲು ಒಂದಿಷ್ಟು ಹೊತ್ತನ್ನು ಉಳಿಸಿಡುತ್ತೇವೆಯೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳುವುದು ಒಳ್ಳೆಯದು.