ಮನೆಯೊಳಗಿನ ಅಮಾನತ್ತು, ಹೊರಗಿನ ದುಡಿಮೆ

ಮನೆಯಲ್ಲಿ ನಡೆಯಲಾಗದ, ಮಾತನಾಡಲಾಗದ ಅಥವಾ ಬುದ್ಧಿಯ ಬೆಳವಣಿಗೆ ಕುಂಠಿತವಾದ ಒಂದಿಬ್ಬರು ಮಕ್ಕಳು. ಹೊರಗೆ ಮೈಮನಗಳನ್ನು ಹಿಂಡಿ ತೆಗೆಯುವ ಉದ್ಯೋಗ. ಇವೆರಡರ ನಡುವೆ ಸಿಲುಕಿದ ತಂದೆ ತಾಯಂದಿರು ನಮ್ಮ ಜಮಾಅತ್‌ಗಳಲ್ಲಿ ಇಲ್ಲದಿಲ್ಲ. ಅವರು ತಮ್ಮ ಕಷ್ಟವನ್ನು ಹೇಳಿಕೊಳ್ಳುವುದು ಕಡಿಮೆ, ಅಷ್ಟೇ. ಹೇಳಿಕೊಂಡರೆ ಸಿಗುವ ಉತ್ತರಗಳು ಹೆಚ್ಚಾಗಿ ಎರಡೇ. ಅನ್ನ ಕೊಡುವವನು ಅಲ್ಲಾಹನು, ಕೆಲಸ ಬಿಟ್ಟು ತವಕ್ಕುಲ್ ಮಾಡು ಎಂದು ಒಬ್ಬರು. ಬಂದ ರಿಝ್ಕನ್ನು ಒದೆಯಬೇಡ, ಸಬ್ರ್ ಮಾಡು ಎಂದು ಇನ್ನೊಬ್ಬರು. ಎರಡೂ ಧರ್ಮದ ಮಾತುಗಳಂತೆಯೇ ಕೇಳಿಸುತ್ತವೆ. ಹೇಳಿದವರು ಚಹಾ ಕುಡಿದು ಎದ್ದು ಹೋಗುತ್ತಾರೆ. ರಾತ್ರಿ ಮೂರು ಸಲ ಎದ್ದು ಮಗುವನ್ನು ಮಗ್ಗುಲು ಬದಲಿಸಿ ಮಲಗಿಸಬೇಕಾದವರು ಅವರಲ್ಲವಲ್ಲ!

ಬದ್ರ್ ಯುದ್ಧದ ಸಂದರ್ಭವನ್ನು ನೆನಪಿಸಿಕೊಳ್ಳಿ. ಹಿಜರಿ 2ನೇ ವರ್ಷ. ಇಸ್ಲಾಮಿನ ಅಳಿವು ಉಳಿವಿನ ಪ್ರಶ್ನೆ ಎದುರಾಗಿದ್ದ ಸಮಯ. ಮುಸ್ಲಿಮರ ಸಂಖ್ಯೆಯೋ ಮುನ್ನೂರಕ್ಕೆ ಸ್ವಲ್ಪ ಹೆಚ್ಚು, ಒಬ್ಬೊಬ್ಬನೂ ಬೇಕಾಗಿದ್ದ. ಆಗ ಪ್ರವಾದಿವರ್ಯರ(ಸ) ಪುತ್ರಿ ಹ. ರುಕಯ್ಯಾ(ರ) ತೀವ್ರ ಕಾಯಿಲೆಯಿಂದ ಮಲಗಿದ್ದರು. ಪ್ರವಾದಿವರ್ಯರು(ಸ) ಅವರ ಪತಿ ಹ. ಉಸ್ಮಾನ್‌ರನ್ನು(ರ) ಮದೀನದಲ್ಲೇ ಪತ್ನಿಯ ಶುಶ್ರೂಷೆಗೆ ನಿಲ್ಲಿಸಿದರು. ಅಷ್ಟೇ ಅಲ್ಲ, ಬದ್ರ್‌ನಲ್ಲಿ ಹೋರಾಡಿದವನಿಗೆ ಇರುವ ಪ್ರತಿಫಲವೂ ಪಾಲೂ ಅವರಿಗಿದೆಯೆಂದು ತಿಳಿಸಿದರು (ಬುಖಾರಿ). ಮನೆಯಲ್ಲಿ ರೋಗಿಯ ಪಕ್ಕದಲ್ಲಿ ಕುಳಿತವನನ್ನು ಹೊಣೆಯಿಂದ ನುಣುಚಿಕೊಂಡವನೆಂದು ಇಸ್ಲಾಮ್ ಪರಿಗಣಿಸಲಿಲ್ಲ. "ಗಂಡಸಾಗಿ ಹುಟ್ಟಿ ಮನೆಯಲ್ಲಿ ಮಕ್ಕಳ ಮೈ ತೊಳೆಯುತ್ತಾ ಕೂತಿದ್ದಾನೆ" ಎಂದು ನಗುವವರು ಈ ಘಟನೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆದರೆ ಇದೇ ಘಟನೆಯಿಂದ, ಹಾಗಾದರೆ ನಾಳೆಯೇ ರಾಜೀನಾಮೆ ಬರೆದುಕೊಡೋಣ ಎಂಬ ತೀರ್ಮಾನಕ್ಕೆ ಬರಲಾಗದು. ಹ. ಉಸ್ಮಾನ್(ರ) ತಮ್ಮಷ್ಟಕ್ಕೆ ಹಿಂದೆ ಉಳಿದವರಲ್ಲ; ನಾಯಕರ ಆಜ್ಞೆಯಂತೆ ಉಳಿದವರು. ಅವರು ಅನುಕೂಲಸ್ಥ ವರ್ತಕರು. ಆ ಕಾಯಿಲೆಯೂ ದಿನಗಳ ಲೆಕ್ಕದ್ದಾಗಿತ್ತು. ಮುಸ್ಲಿಮರು ಬದ್ರ್‌ನಲ್ಲಿರುವಾಗಲೇ ಹ. ರುಕಯ್ಯಾ(ರ) ಅಲ್ಲಾಹನ ಕಡೆಗೆ ಮರಳಿದರು. ಅಂಗವಿಕಲ ಮಗುವಿನ ಆರೈಕೆಯಾದರೋ ದಿನಗಳ ಮಾತಲ್ಲ, ಹತ್ತಿಪ್ಪತ್ತು ವರ್ಷಗಳ ಮಾತು. ಕೆಲವೊಮ್ಮೆ ನಮ್ಮ ಆಯುಷ್ಯಕ್ಕಿಂತ ಉದ್ದದ ಮಾತು. ಬೆಂಕಿ ಬಿದ್ದಾಗ ಓಡುವಂತೆ ಓಡಿ ತೀರ್ಮಾನ ಮಾಡುವ ವಿಷಯ ಇದಲ್ಲ.

ದುಡಿಮೆಯೂ ಇಬಾದತ್ತೇ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ತಮ್ಮ ಸಂಪತ್ತಿನ ಬಹುಭಾಗವನ್ನು ದಾನ ಮಾಡಲು ಬಯಸಿದರು. ಪ್ರವಾದಿವರ್ಯರು(ಸ) ಮೂರನೇ ಒಂದು ಭಾಗಕ್ಕೆ ಮಾತ್ರ ಒಪ್ಪಿದರು. ವಾರಸುದಾರರನ್ನು ಜನರ ಮುಂದೆ ಕೈಚಾಚುವಂತೆ ಬಿಟ್ಟು ಹೋಗುವುದಕ್ಕಿಂತ ಅವರಿಗೆ ಆಸರೆ ಮಾಡಿ ಹೋಗುವುದು ಉತ್ತಮವೆಂದರು. ಪತ್ನಿಯ ಬಾಯಿಗೆ ಇಡುವ ತುತ್ತಿಗೂ ಪ್ರತಿಫಲವಿದೆಯೆಂದರು (ಬುಖಾರಿ, ಮುಸ್ಲಿಮ್). ತನ್ನ ಆಶ್ರಯದಲ್ಲಿರುವವರನ್ನು ಉಪವಾಸ ಕೆಡವುವುದೇ ಒಬ್ಬನ ಪಾಪಕ್ಕೆ ಸಾಕು ಎಂಬರ್ಥದ ವಚನವೂ ಇದೆ (ಅಬೂದಾವೂದ್). ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡು ಎಂದು ಅವರು ಕಲಿಸಿದ್ದು ನಮಗೆಲ್ಲ ಗೊತ್ತು (ತಿರ್ಮಿಝಿ). ಎರಡು ಮಕ್ಕಳ ಫಿಸಿಯೋಥೆರಪಿ, ಔಷಧಿ, ಡಯಾಪರ್, ಆಟೋ ಬಾಡಿಗೆ ಇವುಗಳ ಲೆಕ್ಕ ಹಾಕದೆ ಕೆಲಸ ಬಿಡುವುದು ಒಂಟೆಯನ್ನು ಬಿಚ್ಚಿ ಬಿಟ್ಟಂತೆ.

ಹಾಗೆಂದು ಸಂಬಳದ ಚೀಟಿ ಮನೆಗೆ ಬಂದರೆ ಹೊಣೆ ತೀರಿತೆಂದು ಭಾವಿಸುವವರೂ ತಪ್ಪುತ್ತಾರೆ. ಹ. ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮನೆಯವರನ್ನು ಮರೆತಿದ್ದಾಗ ಹ. ಸಲ್ಮಾನ್(ರ) ಅವರನ್ನು ತಡೆದು, ಪ್ರಭುವಿಗೆ, ಸ್ವಂತ ದೇಹಕ್ಕೆ, ಮನೆಯವರಿಗೆ ಪ್ರತ್ಯೇಕ ಹಕ್ಕುಗಳಿವೆಯೆಂದೂ ಪ್ರತಿಯೊಂದನ್ನೂ ಸಲ್ಲಿಸಬೇಕೆಂದೂ ಹೇಳಿದರು. ಸಲ್ಮಾನ್ ಹೇಳಿದ್ದು ಸತ್ಯವೆಂದು ಪ್ರವಾದಿವರ್ಯರು(ಸ) ಮುದ್ರೆಯೊತ್ತಿದರು (ಬುಖಾರಿ). ನಮಾಝ್ ಉಪವಾಸಗಳಿಗೇ ಈ ಮಿತಿಯಿರುವಾಗ ಕಂಪೆನಿಯ ಟಾರ್ಗೆಟ್ಟಿಗೆ ಮಿತಿಯಿಲ್ಲವೇ?

ಇಲ್ಲೊಂದು ಕಹಿ ಸತ್ಯವನ್ನು ಹೇಳಲೇಬೇಕು. ಹೊರಗೆ ಮೇಲಧಿಕಾರಿಯ ಮುಂದೆ ನುಂಗಿಕೊಂಡ ಸಿಟ್ಟು ಮನೆಗೆ ಬಂದ ಮೇಲೆ ಎಲ್ಲೋ ಒಂದು ಕಡೆ ಹೊರಬರುತ್ತದೆ. ಎದುರುತ್ತರ ಕೊಡುವವರ ಮೇಲೆ ಅದು ಬರುವುದಿಲ್ಲ. ಊಟವನ್ನು ಉಗುಳುವ, ಒಂದೇ ಶಬ್ದವನ್ನು ನೂರು ಸಲ ಕೂಗುವ, ಬಟ್ಟೆ ಒದ್ದೆ ಮಾಡಿಕೊಳ್ಳುವ ಮಗುವಿನ ಮೇಲೆ ಬರುತ್ತದೆ. ಆ ಮಗು ಯಾರಲ್ಲೂ ದೂರು ಹೇಳಲಾರದು. ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಪ್ರವಾದಿವರ್ಯರು(ಸ) ಹ. ಮುಆದ್‌ರನ್ನು(ರ) ಯಮನ್‌ಗೆ ಕಳುಹಿಸುವಾಗ ಎಚ್ಚರಿಸಿದ್ದರು. ಆ ಮೊರೆಗೆ ಮಾತು ಬೇಕೆಂದೇನೂ ಇಲ್ಲ. ಕೈ ಎತ್ತುವ ಹಂತಕ್ಕೆ ಬಂದಿರುವೆನೆಂದು ತಂದೆಗೋ ತಾಯಿಗೋ ಅನ್ನಿಸಿದ ದಿನ ಸಂಬಳದ ಪ್ರಶ್ನೆ ಎರಡನೆಯದಾಗುತ್ತದೆ. ಆ ದಿನ ರಜೆ ಹಾಕಬೇಕು, ಯಾರನ್ನಾದರೂ ನೆರವಿಗೆ ಕರೆಯಬೇಕು, ಬೇಕಾದರೆ ವೈದ್ಯರನ್ನೂ ಕಾಣಬೇಕು. ಮನಸ್ಸಿನ ಬಳಲಿಕೆಗೆ ಚಿಕಿತ್ಸೆ ಪಡೆಯುವುದು ಈಮಾನಿನ ಕೊರತೆಯೆಂದು ತಿಳಿಯುವುದು ಅಜ್ಞಾನ.

ಇನ್ನು, ಬಿಡಬೇಕಾದ್ದು ಯಾರ ಕೆಲಸ? ಇಂತಹ ಮನೆಗಳಲ್ಲಿ ತಾಯಿಯೂ ದುಡಿಯುತ್ತಿದ್ದರೆ ಅವಳ ಕೆಲಸವೇ ಹೋಗತಕ್ಕದ್ದೆಂದು ಯಾರೂ ಕೇಳದೆಯೇ ತೀರ್ಮಾನವಾಗಿರುತ್ತದೆ. ಕೆಲವೊಮ್ಮೆ ಅದರ ವಿರುದ್ಧ: ಅವಳ ಸಂಬಳ ಬೇಕು, ಆದ್ದರಿಂದ ಎಷ್ಟು ಬಳಲಿದರೂ ಅವಳು ಹೋಗಲೇಬೇಕು. ಕುರ್‌ಆನ್ ಮಗುವಿನ ಹಾಲು ಬಿಡಿಸುವ ವಿಷಯವನ್ನು ಹೇಳುವಾಗ, ಅದು ತಂದೆ ತಾಯಿಯರ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗಬೇಕೆಂದು ಸೂಚಿಸಿದೆ. ಮಗುವಿನ ಕಾರಣದಿಂದ ತಾಯಿಯನ್ನೂ ಪೀಡಿಸಬಾರದು, ತಂದೆಯನ್ನೂ ಪೀಡಿಸಬಾರದು ಎಂದಿದೆ (2:233). ಹಾಲು ಬಿಡಿಸುವಂತಹ ವಿಷಯಕ್ಕೇ ಇಬ್ಬರೂ ಕುಳಿತು ಮಾತನಾಡಬೇಕೆಂದ ಮೇಲೆ, ಒಂದು ಜೀವಮಾನದ ಉದ್ಯೋಗವನ್ನು ಒಬ್ಬರೇ ನಿರ್ಧರಿಸುವುದು ಹೇಗೆ? ಮನೆಯ ಖರ್ಚಿನ ಹೊಣೆ ಪತಿಯದ್ದು. ಪತ್ನಿಯ ಗಳಿಕೆ ಅವಳದ್ದು. ಅವಳು ಮನಸ್ಸಿನಿಂದ ಕೊಟ್ಟರೆ ಅದು ದಾನ, ಹ. ಇಬ್ನು ಮಸ್‌ಊದ್‌ರ(ರ) ಪತ್ನಿ ಹ. ಝೈನಬ್(ರ) ಪತಿಗೂ ತಮ್ಮ ಆಶ್ರಯದ ಅನಾಥರಿಗೂ ಖರ್ಚು ಮಾಡುತ್ತಿದ್ದಾಗ ಅವರಿಗೆ ಎರಡು ಪ್ರತಿಫಲವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿರುತ್ತಾನೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವ ಅವನಿಗೆ, ಬೆಳೆದು ಭಾರವಾದ ಮಗುವನ್ನು ಅವಳು ಒಬ್ಬಳೇ ಎತ್ತಿ ಬಚ್ಚಲಿಗೆ ಒಯ್ಯುವುದು ಕಾಣುವುದೇ ರಜೆಯ ದಿನಗಳಲ್ಲಿ. ಅಲ್ಲಿಂದ ಮರಳುವ ವಿಷಯವನ್ನೂ ಈ ಸಮಾಲೋಚನೆಯೊಳಗೆ ತರಬೇಕು. ಕಡಿಮೆ ಸಂಬಳದ ಊರಿನ ಕೆಲಸ ಕೆಲವೊಮ್ಮೆ ಹೆಚ್ಚು ಬರ್ಕತ್ತಿನದ್ದು. ಹಿರಿಯ ಮಗಳ ಶಾಲೆ ಬಿಡಿಸಿ ತಮ್ಮನನ್ನು ನೋಡಿಕೊಳ್ಳಲು ಕೂರಿಸುವುದು ಮಾತ್ರ ಪರಿಹಾರವಲ್ಲ. ಒಂದು ಮಗುವಿನ ಹಕ್ಕನ್ನು ಕಿತ್ತು ಇನ್ನೊಂದಕ್ಕೆ ಕೊಡುವ ಅಧಿಕಾರ ನಮಗಿಲ್ಲ.

ಸಮಾಲೋಚನೆಯೆಂದರೆ ಕಾಗದ ಪೆನ್ಸಿಲ್ ಹಿಡಿದು ಕೂರುವುದೂ ಹೌದು. ಭಾರವಾದದ್ದು ಕೆಲಸವೋ, ಕೆಲಸದ ವೇಳೆಯೋ, ದೂರವೋ, ಒಬ್ಬ ಅಧಿಕಾರಿಯ ಕಿರುಕುಳವೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಿ. ರಾತ್ರಿ ಪಾಳಿ ತಪ್ಪಿದರೆ ಸಾಕಾಗುವವನು ಉದ್ಯೋಗವನ್ನೇ ಬಿಡಬೇಕಾಗಿಲ್ಲ. ಕೇಳಲು ಸಂಕೋಚಪಡುವವರು ನಮ್ಮಲ್ಲಿ ಬಹಳ. ಮೂಸಾ(ಅ) ಪ್ರವಾದಿತ್ವದಂತಹ ಹೊಣೆ ಸಿಕ್ಕಾಗಲೇ ತನ್ನ ಸಹೋದರ ಹಾರೂನ್‌ರನ್ನು(ಅ) ಸಹಾಯಕನಾಗಿ ಕೊಡೆಂದು ಬೇಡಿದವರು (20:29-32). ಕೇಂದ್ರ ಸರಕಾರದ ನೌಕರರಾಗಿದ್ದು ಅಂಗವಿಕಲ ಮಗುವಿನ ಮುಖ್ಯ ಪಾಲಕರಾಗಿರುವವರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೋರಲು 2014ರ ಆದೇಶವೇ ಇದೆ. ಖಾಸಗಿ ಕಂಪೆನಿಗಳಲ್ಲೂ ಕೇಳಿದರೆ ಕೆಲವರು ಕೊಡುತ್ತಾರೆ. ಕೊಡದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ಸರಕಾರಿ ನೌಕರರು ಇನ್ನೊಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ಹಳೆಯ ಪಿಂಚಣಿ ನಿಯಮಗಳಿಗೆ ಒಳಪಟ್ಟ ಕೇಂದ್ರ ನೌಕರನು ರಾಜೀನಾಮೆ ಕೊಟ್ಟರೆ ಅದುವರೆಗಿನ ಸೇವೆಯೇ ಲೆಕ್ಕದಿಂದ ಹೋಗುತ್ತದೆ. 20 ವರ್ಷ ಪೂರೈಸಿ ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ಆ ನಿಯಮಗಳಲ್ಲಿ, ಸ್ವಂತ ಸಂಪಾದನೆಗೆ ಅಶಕ್ತರಾದ ಅಂಗವಿಕಲ ಮಕ್ಕಳಿಗೆ ತಂದೆ ತಾಯಿಯರ ನಂತರ ಜೀವನಪರ್ಯಂತ ಕುಟುಂಬ ಪಿಂಚಣಿ ದೊರೆಯುವ ಅವಕಾಶವಿದೆ. ಹದಿನೆಂಟು ವರ್ಷ ದುಡಿದವನು ಒಂದು ಕೆಟ್ಟ ವಾರದ ಸಿಟ್ಟಿನಲ್ಲಿ ಬರೆದ ಎರಡು ಸಾಲು, ತಾನು ಕಣ್ಣು ಮುಚ್ಚಿದ ಮೇಲೆ ಮಗನಿಗೆ ಸಿಗಬಹುದಾಗಿದ್ದ ಅನ್ನವನ್ನು ಅಳಿಸಿಹಾಕಬಹುದು. ಖಾಸಗಿ ಕೆಲಸದಲ್ಲಿರುವವರು ಆರೋಗ್ಯ ವಿಮೆ ಅಥವಾ ಇ.ಎಸ್.ಐ. ಸೌಲಭ್ಯ ಯಾವತ್ತಿಗೆ ನಿಲ್ಲುತ್ತದೆ, ಗ್ರಾಚ್ಯುಟಿಗೆ ಬೇಕಾದ 5 ವರ್ಷ ತುಂಬಿದೆಯೇ ಎಂದು ನೋಡಿಕೊಳ್ಳಲಿ. ಇನ್ನೊಂದು ಸುಲಭದ ಪರೀಕ್ಷೆಯಿದೆ: ಕೆಲಸದಲ್ಲಿರುವಾಗಲೇ ಮೂರು ತಿಂಗಳು ಆ ಸಂಬಳವನ್ನು ಮುಟ್ಟದೆ, ಉಳಿದ ಆದಾಯದಲ್ಲೇ ಮನೆ ನಡೆಸಿ ನೋಡುವುದು. ನಡೆದರೆ ದಾರಿ ತೆರೆದಿದೆ, ಕೈಯಲ್ಲಿ ಮೂರು ತಿಂಗಳ ಉಳಿತಾಯವೂ ಇದೆ. ನಡೆಯದಿದ್ದರೆ ಬೇರೆ ಕೆಲಸ ಸಿಕ್ಕಿದ ಮೇಲೆಯೇ ಇದನ್ನು ಬಿಡುವುದು ವಿವೇಕ.

ಮಗುವಿಗೆ ಸಿಗಬೇಕಾದ ಹಕ್ಕುಗಳನ್ನು ಪಡೆಯದೆ ಎಲ್ಲ ಭಾರವನ್ನೂ ತಾವೇ ಹೊತ್ತವರಿದ್ದಾರೆ. 1995ರ ಕಾನೂನಿನ ಬದಲಿಗೆ ಬಂದ 2016ರ ಕಾನೂನು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ವೈಕಲ್ಯವುಳ್ಳವರಿಗಾಗಿ 1999ರ ಕಾನೂನಿನಂತೆ ರಚನೆಯಾದ ನ್ಯಾಷನಲ್ ಟ್ರಸ್ಟ್ 'ನಿರಾಮಯ' ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ನಡೆಸುತ್ತದೆ. 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರ ನೇಮಕವೂ ಇದೇ ಕಾನೂನಿನಡಿ ಜಿಲ್ಲೆಯ ಸಮಿತಿಯ ಮೂಲಕ ಆಗುತ್ತದೆ. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮನಸ್ಸು ಮೆದುಳಿನ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇವೆ. ಕಾರ್ಡು, ಸರ್ಟಿಫಿಕೇಟುಗಳಿಗಾಗಿ ಅಲೆಯಲು ನಾಚಿ, ತಾಯಿತದವನ ಮನೆಗೆ ಮಾತ್ರ ತಪ್ಪದೆ ಹೋಗುವವರ ಬಗ್ಗೆ ಏನು ಹೇಳುವುದು!

ಇಷ್ಟೆಲ್ಲ ಮಾಡಿ, ಹಿತೈಷಿಗಳಲ್ಲಿ ಕೇಳಿ, ಆಮೇಲೆ ಇಸ್ತಿಖಾರ. ಕುರ್‌ಆನಿನ ಅಧ್ಯಾಯವನ್ನು ಕಲಿಸುವಂತೆ ಪ್ರವಾದಿವರ್ಯರು(ಸ) ಅದನ್ನು ಕಲಿಸುತ್ತಿದ್ದರೆಂದು ಹ. ಜಾಬಿರ್(ರ) ವರದಿ ಮಾಡಿದ್ದಾರೆ (ಬುಖಾರಿ). ಕನಸಿನಲ್ಲಿ ಹಸಿರೋ ಕೆಂಪೋ ಕಾಣಲಿ ಎಂದು ಕಾಯುವುದು ಆ ಹದೀಸಿನಲ್ಲಿಲ್ಲ. ಎರಡು ರಕಅತ್ ನಮಾಝ್, ಒಳಿತಿದ್ದರೆ ಸುಲಭಗೊಳಿಸು, ಕೆಡುಕಿದ್ದರೆ ತಿರುಗಿಸು ಎಂಬ ಪ್ರಾರ್ಥನೆ, ಆಮೇಲೆ ಹೆಜ್ಜೆ. ಬಿಟ್ಟವನು, ಬಿಡದಿದ್ದರೆ ಹೀಗಾಗುತ್ತಿತ್ತು ಎಂದೂ, ಉಳಿದವನು, ಬಿಟ್ಟಿದ್ದರೆ ಹಾಗಾಗುತ್ತಿತ್ತು ಎಂದೂ ವರ್ಷಗಟ್ಟಲೆ ಕೊರಗಬೇಕಾಗಿಲ್ಲ. ಯಾರ ಮೇಲೂ ಶಕ್ತಿಮೀರಿದ ಭಾರ ಹೊರಿಸುವುದಿಲ್ಲವೆಂಬ ಅಲ್ಲಾಹನ ವಾಗ್ದಾನ (2:286) ಇಬ್ಬರಿಗೂ ಇದೆ.

ಆದರೆ ಆ ಶಕ್ತಿಯ ಲೆಕ್ಕದಲ್ಲಿ ನೆರೆಹೊರೆಯವರ ಪಾಲೂ ಇದೆಯಲ್ಲವೇ? ಬಲಹೀನರ ಕಾರಣದಿಂದಲೇ ನಿಮಗೆ ನೆರವೂ ಅನ್ನವೂ ಸಿಗುತ್ತಿದೆಯೆಂದು ಪ್ರವಾದಿವರ್ಯರು(ಸ) ಹೇಳಿರುವುದು (ಬುಖಾರಿ) ಅಂಗವಿಕಲರ ತಂದೆ ತಾಯಿಯರಿಗಷ್ಟೇ ಅಲ್ಲ. ತಂದೆ ತನ್ನ ಝಕಾತನ್ನು ಸ್ವಂತ ಮಗುವಿಗೆ ಕೊಡುವಂತಿಲ್ಲ. ಚಿಕ್ಕಪ್ಪ, ಸೋದರಮಾವ ಕೊಡಬಹುದು, ಆ ಮನೆ ಝಕಾತಿಗೆ ಅರ್ಹವಾಗಿದ್ದರೆ. ಬಂಧುವಿಗೆ ಕೊಟ್ಟರೆ ದಾನದ ಪ್ರತಿಫಲವೂ ನೆಂಟಸ್ತಿಕೆಯ ಪ್ರತಿಫಲವೂ ಇದೆ. ರಮಝಾನಿನಲ್ಲಿ ಒಂದೇ ಸಲ ಹಂಚಿ ಮುಗಿಸುವ ಬದಲು ಒಬ್ಬ ಆಯಾಳ ತಿಂಗಳ ಸಂಬಳವೆಂದು ವರ್ಷವಿಡೀ ಅದು ತಲುಪಿದರೆ, ಎಷ್ಟೋ ಮನೆಗಳಲ್ಲಿ ಕೆಲಸ ಬಿಡುವ ಪ್ರಶ್ನೆಯೇ ಏಳದು. ಪ್ರವಾದಿವರ್ಯರು(ಸ) ಊರಿನಿಂದ ಹೊರಗೆ ಹೋಗುವಾಗ ಮದೀನದ ಹೊಣೆಯನ್ನು ಅಂಧರಾದ ಹ. ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್‌ರಿಗೆ(ರ) ವಹಿಸಿದ್ದುಂಟು. ನಮ್ಮ ಮಸೀದಿಗಳ ಮೆಟ್ಟಿಲುಗಳನ್ನು ಗಾಲಿಕುರ್ಚಿ ಹತ್ತುವಂತಿದೆಯೇ? ಶುಕ್ರವಾರ ಜುಮುಅಕ್ಕೆ ಹೋಗಬೇಕಾದ ತಂದೆ ಬರುವವರೆಗೆ ಆ ಮಗುವಿನ ಪಕ್ಕದಲ್ಲಿ ಕೂರಲು ಪಕ್ಕದ ಮನೆಯಿಂದ ಯಾರಾದರೂ ಹೋಗಿದ್ದಾರೆಯೇ? ಮದುವೆಯ ಕರೆಯೋಲೆ ಕೊಡುವಾಗ, ಆ ಮಕ್ಕಳನ್ನೂ ಕರಕೊಂಡು ಬನ್ನಿ ಎಂದು ಬಾಯಿ ತೆರೆದು ಹೇಳಿದ್ದೇವೆಯೇ?