ಹೊಗೆ, ಬೆಂಕಿ ಮತ್ತು ಅರಿಕಮೇಡು

ಬೆಟ್ಟದಲ್ಲಿ ಹೊಗೆಯೇಳುವುದನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದು ನೈಯಾಯಿಕರು ಅನುಮಾನಪ್ರಮಾಣಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಆ ನಿಶ್ಚಯದ ಬಲವೆಲ್ಲವೂ, ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿ ಇದ್ದೇ ಇರುವುದೆಂಬ, ಹಿಂದೆ ಅಡುಗೆಯ ಮನೆಯಲ್ಲಿ ಬಾರಿಬಾರಿಗೂ ನೋಡಿ ಗ್ರಹಿಸಿದ ನಿಯತಸಂಬಂಧದಲ್ಲಿ ಅಡಗಿದೆ; ಇದಕ್ಕೆ ವ್ಯಾಪ್ತಿಯೆಂದು ಹೆಸರು. ಪ್ರಾಚೀನ ವಾಣಿಜ್ಯಪಥಗಳನ್ನು ಕುರಿತು ಒಂದು ತಲೆಮಾರಿನ ವಿದ್ವಾಂಸರು ಹೇಳಿದುದನ್ನು ಮುಂದಿನವರು ಅಲ್ಲಗಳೆಯುವುದನ್ನು ಕಂಡು, ಇತಿಹಾಸವೆಂದರೆ ಬರಿಯ ಊಹಾಪೋಹವೆಂದು ನಗುವವರು ಈ ವ್ಯಾಪ್ತಿಯ ಸ್ವರೂಪವನ್ನು ಕೊಂಚ ವಿಚಾರಿಸಿ ನೋಡಬೇಕು.

1945ರಲ್ಲಿ ಮಾರ್ಟಿಮರ್ ವೀಲರರು ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ ಉತ್ಖನನ ನಡೆಸಿದಾಗ, ಇಟಲಿಯ ಅರೆಟೈನ್ ಪಾತ್ರೆಗಳ ಚೂರುಗಳೂ ಮೆಡಿಟರೇನಿಯನ್ ಸೀಮೆಯ ಆಂಫೊರಾ ಜಾಡಿಗಳ ತುಂಡುಗಳೂ, ಅವುಗಳೊಡನೆ ಒಳತಳದಲ್ಲಿ ಸುತ್ತುಸುತ್ತಾಗಿ ಸಣ್ಣ ಗೀರುಗಳನ್ನೊತ್ತಿದ ನಯವಾದ ತಟ್ಟೆಗಳೂ ದೊರೆತವು. ಬ್ರಿಟನ್ನಿನ ರೋಮನ್ ಅವಶೇಷಗಳನ್ನು ಅಗೆದು ಪಳಗಿದ್ದ ವೀಲರರಿಗೆ ಆ ಗೀರುಗಳ ಅಲಂಕಾರವೂ ಪಶ್ಚಿಮದಿಂದಲೇ ಬಂದುದಾಗಿ ತೋರಿತು. ಅವರ ವ್ಯಾಪ್ತಿಜ್ಞಾನದ ಅಡುಗೆಯ ಮನೆ ಅಲ್ಲಿದ್ದಿತೆಂದರೆ ತಪ್ಪಾಗಲಾರದು. ಇಂತಹ ತಟ್ಟೆಯಿದ್ದಲ್ಲಿ ರೋಮನ್ ವಾಣಿಜ್ಯದ ಸ್ಪರ್ಶವಿದೆ, ಆದುದರಿಂದ ಆ ಸ್ತರ ಕ್ರಿಸ್ತಶಕದ ಮೊದಲ ಶತಮಾನಕ್ಕಿಂತ ಹಳೆಯದಲ್ಲ ಎಂಬ ಅಳತೆಗೋಲನ್ನು ಹಿಡಿದೇ ಅವರು 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಿಗೆ ಕಾಲನಿರ್ಣಯ ಮಾಡಿದರು.

ಸಾಧಿಸಬೇಕಾದ ವಸ್ತುವಿಲ್ಲದ ಕಡೆಯಲ್ಲಿಯೂ ಹೇತು ಕಾಣಿಸಿಕೊಂಡರೆ ನೈಯಾಯಿಕರು ಅದನ್ನು ವ್ಯಭಿಚಾರವೆನ್ನುತ್ತಾರೆ. ಇಲ್ಲಿ ಆದುದೂ ಅದೇ. 1989ರಿಂದ 1992ರವರೆಗೆ ವಿಮಲಾ ಬೇಗ್ಲೆಯವರು ಅರಿಕಮೇಡನ್ನು ಮತ್ತೆ ಅಗೆಸಿದರು. ರೋಮಿನ ಹಡಗುಗಳು ಬರುವ ಮುನ್ನವೇ ಆ ಊರು ನೆಲೆಗೊಂಡಿದ್ದಿತೆಂದೂ ಆ ತಟ್ಟೆಗಳ ಬಳಕೆ ಆಗಲೇ ಮೊದಲಾಗಿತ್ತೆಂದೂ ತಿಳಿದುಬಂದಿತು. ತಟ್ಟೆಗಳ ಮಣ್ಣನ್ನು ಪರೀಕ್ಷಿಸಿದವರು ಅದು ಭಾರತದ್ದೇ ಎಂದರು. ಶ್ರೀಲಂಕೆಯ ಅನುರಾಧಪುರದಲ್ಲಿಯೂ ಬಾಲಿ ದ್ವೀಪದ ಸೆಂಬಿರಾನಿನಲ್ಲಿಯೂ ಅಂತಹವೇ ಸಿಕ್ಕಿದ ಮೇಲೆ, ಒಮ್ಮೆ ರೋಮಿನ ದಾರಿಯನ್ನು ತೋರಿದ್ದ ಚೂರು ಪೂರ್ವಸಮುದ್ರದ ದಾರಿಯನ್ನು ತೋರತೊಡಗಿತು. ಅರೆಟೈನ್ ಮತ್ತು ಆಂಫೊರಾಗಳ ಸಾಕ್ಷ್ಯವಾದರೋ ಎಂದಿನಂತೆಯೇ ಉಳಿಯಿತು. ರೋಮನ್ ವರ್ತಕರು ಬಂದುದು ನಿಜ, ಆದರೆ ಅವರು ಬಂದುದು ಅದಾಗಲೇ ನಡೆಯುತ್ತಿದ್ದ ಸಂತೆಗೆ.

ಬ್ರಹ್ಮಗಿರಿಯಲ್ಲಿ ಆ ತಟ್ಟೆಗಳ ಸ್ತರದ ಕೆಳಗಿದ್ದ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿಗೆ ವೀಲರರು ಕ್ರಿ.ಪೂ. 200ರ ಸುಮಾರಿನ ಆರಂಭವನ್ನು ಸೂಚಿಸಿದ್ದರು. ದಕ್ಷಿಣದಲ್ಲಿ ಆ ಸಂಸ್ಕೃತಿಯ ಆರಂಭವನ್ನು ಇಂದಿನ ವಿದ್ವಾಂಸರು ಕ್ರಿ.ಪೂ. 1000ಕ್ಕೂ ಹಿಂದಕ್ಕೆ ಒಯ್ಯುತ್ತಾರೆ.